ನಲವತ್ತೈದು ಬಟ್ಟಲುಗಳ ಹುಡುಕಾಟ

ಕುಂದಾಪುರದ ಪಾತ್ರೆ ಅಂಗಡಿಯೊಂದರಲ್ಲಿ ಪ್ರಯೋಗಶಾಲೆಯ ಅಯಸ್ಕಾಂತವನ್ನು ಕೈಯಲ್ಲಿ ಹಿಡಿದು, ಒಂದೊಂದೇ ಬಟ್ಟಲಿಗೆ ತಾಗಿಸಿ ನೋಡುತ್ತ ನಿಂತಿದ್ದೆ. ಮಗುವನ್ನು ಎತ್ತಿಕೊಂಡು ಒಳಗೆ ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಎಂತ ಸರ್, ಇಲ್ಲೂ ಪಾಠವಾ?" ಎಂದು ನಕ್ಕಳು. ಅಂಗಡಿಯವರಿಗೆ ಮಾತ್ರ ನಗು ಬಂದಿರಲಿಲ್ಲ. ಬೆಳಗಿನ ಒಂದು ಗಂಟೆ ಅವರಿಗೆ ನನ್ನಿಂದ ಹಾಳಾಗಿತ್ತು.

ಬಟ್ಟಲು ಎಂದಾಗ ಘಟ್ಟದ ಮೇಲಿನ ಓದುಗರು ತಪ್ಪು ತಿಳಿಯಬಾರದು. ಅವರಿಗೆ ಬಟ್ಟಲೆಂದರೆ ಪುಟ್ಟ ಬೋಗುಣಿ. ನಮ್ಮ ಕರಾವಳಿಯಲ್ಲಿ ಬಟ್ಟಲೆಂದರೆ ಊಟದ ತಟ್ಟೆ. ಒಮ್ಮೆ ಮೈಸೂರಿನಲ್ಲಿ ಊಟಕ್ಕೆ ಕುಳಿತು "ಬಟ್ಟಲು ಕೊಡಿ" ಎಂದು ಕೇಳಿದ ನನಗೆ ಚಟ್ನಿ ಹಾಕುವ ಗಾತ್ರದ ಪಾತ್ರೆ ಬಂದಿತ್ತು.

ನನಗೆ ಬೇಕಾಗಿದ್ದದ್ದು ನಲವತ್ತೈದು ಬಟ್ಟಲು, ಅಷ್ಟೇ ಲೋಟ. ನಮ್ಮದು ಬೈಂದೂರು ಕಡೆಯ ಒಂದು ಪ್ರೌಢಶಾಲೆ. ಪ್ರತಿ ಡಿಸೆಂಬರಿನಲ್ಲಿ ಮಕ್ಕಳನ್ನು ಮೂರು ದಿನದ ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ಎಂಟು ಹೊತ್ತಿನ ಊಟ ತಿಂಡಿಯನ್ನು ಹೋಟೆಲಿನಲ್ಲಿ ಮಾಡಿಸಿದರೆ ಅರ್ಧ ಮಕ್ಕಳು ಪ್ರವಾಸಕ್ಕೇ ಬರುವುದಿಲ್ಲ. ಹಾಗಾಗಿ ಅಡುಗೆಯವರೊಬ್ಬರು, ಅಕ್ಕಿ, ತೆಂಗಿನಕಾಯಿ, ದೊಡ್ಡ ಪಾತ್ರೆಗಳು ಎಲ್ಲವೂ ಒಂದು ಪಿಕಪ್ ವಾಹನದಲ್ಲಿ ಬಸ್ಸಿನ ಹಿಂದೆ ಬರುತ್ತವೆ. ಗ್ಯಾಸ್ ಸಿಲಿಂಡರನ್ನು ಮಕ್ಕಳಿರುವ ಬಸ್ಸಿಗೆ ಏರಿಸುವುದಿಲ್ಲ ಎಂಬುದು ನಮ್ಮ ಹಠ. 2023ರ ಆಗಸ್ಟಿನಲ್ಲಿ ಮದುರೈಯಲ್ಲಿ ನಿಂತಿದ್ದ ರೈಲಿನ ಪ್ರವಾಸಿ ಬೋಗಿಗೆ, ನಿಯಮ ಮೀರಿ ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತ ಮೇಲೆ ಆ ಹಠವನ್ನು ಯಾರೂ ಪ್ರಶ್ನಿಸುತ್ತಿಲ್ಲ.

ಊಟದ ಬಟ್ಟಲನ್ನು ಮಾತ್ರ ಮಕ್ಕಳೇ ಮನೆಯಿಂದ ತರಬೇಕು ಎಂದು ನಾನೇ ನಿಯಮ ಮಾಡಿದ್ದೆ. ಹಣವೂ ಉಳಿಯಿತು, ಹೊರೆಯೂ ಇಳಿಯಿತು ಎಂದು ಹಿಗ್ಗಿದ್ದೆ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಪ್ರವಾಸದ ಮೊದಲ ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಊಟದ ಸಾಲಿನಿಂದ ದೂರ, ಬಸ್ಸಿನ ನೆರಳಿನಲ್ಲಿ ಕುಳಿತಿದ್ದ. ಕೇಳಿದರೆ "ಹೊಟ್ಟೆ ಹಸಿವಿಲ್ಲ ಸರ್" ಎಂದ. ರಾತ್ರಿಯೂ ಅದೇ ಉತ್ತರ. ವಾಂತಿಯ ಹೆದರಿಕೆ ಇರಬಹುದೆಂದು ನಾನು ಅವನಿಗೆ ನಿಂಬೆಹಣ್ಣು ಕೊಟ್ಟೆ! ಮಲಗುವ ಹೊತ್ತಿಗೆ ಅವನ ಗೆಳೆಯ ಬಂದು ನನ್ನ ಕಿವಿಯಲ್ಲಿ ಹೇಳಿದ: "ಅವನ ಮನೆಯಲ್ಲಿ ಇರುವುದೇ ಮೂರು ಬಟ್ಟಲು ಸರ್. ಅವನು ತಂದರೆ ಅಲ್ಲಿ ಒಬ್ಬರಿಗೆ ಇಲ್ಲ." ಗೆಳೆಯ ಊಟ ಮಾಡಿ ತೊಳೆದು ಕೊಡುತ್ತೇನೆಂದರೂ ಎಲ್ಲರೆದುರು ಇನ್ನೊಬ್ಬರ ಬಟ್ಟಲು ಇಸಿದುಕೊಳ್ಳಲು ಅವನು ಒಪ್ಪಲಿಲ್ಲವಂತೆ. ಆ ರಾತ್ರಿ ಅಡುಗೆಯವರನ್ನು ಎಬ್ಬಿಸಿ, ಸಾರಿನ ಪಾತ್ರೆಯ ಮುಚ್ಚಳವನ್ನು ಅಂಗಾತ ಇಟ್ಟು ಅವನಿಗೆ ಅನ್ನ ಬಡಿಸಿದೆವು. ಇಪ್ಪತ್ತೈದು ವರ್ಷ ಪಾಠ ಮಾಡಿದವನಿಗೆ ಮಗುವಿನ ಮುಖ ನೋಡಿ ಹಸಿವು ತಿಳಿಯಲಿಲ್ಲ.

ಮುಂದೆ ಹಳೆ ವಿದ್ಯಾರ್ಥಿಗಳು ಆರು ಸಾವಿರ ರೂಪಾಯಿ ಕೂಡಿಸಿ ಕೊಟ್ಟರು. ಅಂಗಡಿಗೆ ಹೋಗಿ ತಂದರೆ ಮುಗಿಯುತ್ತಿತ್ತು. ಆದರೆ ವಿಜ್ಞಾನದ ಮಾಸ್ತರನ ದುರಭ್ಯಾಸ ನೋಡಿ, ತಿರುಗಾಟದ ಅಡುಗೆಮನೆ ಇಟ್ಟುಕೊಂಡವರು ಯಾವುದರಲ್ಲಿ ಉಣ್ಣುತ್ತಾರೆಂದು ಮೊದಲು ನೋಡಬೇಕೆನ್ನಿಸಿತು. ಏಪ್ರಿಲ್ ರಜೆಯಲ್ಲಿ ಬ್ರಹ್ಮಾವರದ ಮಾವನ ಮನೆಯಿಂದ ಹೊರಟು ಬೈಂದೂರಿನವರೆಗೆ ಎರಡು ದಿನ ಸುತ್ತಿದೆ. ಬ್ರಹ್ಮಾವರವೂ ಬೈಂದೂರೂ 2018ರಲ್ಲಿ ಬೇರೆ ಬೇರೆ ತಾಲೂಕುಗಳಾಗಿವೆ. ನಡುವಿನ ಹೆದ್ದಾರಿಗೆ ಹದಿನೇಳು ಹೋಗಿ ಅರುವತ್ತಾರರ ಸಂಖ್ಯೆ ಬಂದು, ಅದು ಅಗಲವೂ ಆಗಿದೆ. ನಮ್ಮ ಪಾಲಿಗೆ ಎಲ್ಲವೂ ಒಂದೇ ಊರು. ಬಸ್ಸಿನಲ್ಲಿ ಕಿಟಕಿ ಸಿಕ್ಕಿದರೆ ಸಾಕು.

ಮೊದಲು ಹೋದದ್ದು ಬಾರ್ಕೂರು ದಾಟಿ ಮಂದಾರ್ತಿಯ ಕಡೆಗೆ. ಅಲ್ಲಿನ ದುರ್ಗಾಪರಮೇಶ್ವರಿ ದೇವಸ್ಥಾನದ ಹೆಸರಿನಲ್ಲಿ ಐದು ಯಕ್ಷಗಾನ ಮೇಳಗಳಿವೆ. ದೀಪಾವಳಿ ಕಳೆದ ಮೇಲೆ ಹೊರಟವು ಹತ್ತನಾವಧಿಯ ಹೊತ್ತಿಗೆ ಗೆಜ್ಜೆ ಬಿಚ್ಚುವವರೆಗೆ ದಿನಕ್ಕೊಂದು ಊರು, ದಿನಕ್ಕೊಂದು ಬಿಡಾರ. ತಿರುಗಾಟದ ಸಂಸಾರವೆಂದರೆ ಅದಕ್ಕಿಂತ ದೊಡ್ಡದು ನಮ್ಮಲ್ಲಿಲ್ಲ. ಈಗ ಹರಕೆ ಆಟ ಆಡಿಸುವ ಮನೆಯವರೇ ಊಟ ಹಾಕುತ್ತಾರೆ. ವೇಷ ಬಿಟ್ಟು ಮನೆಯಲ್ಲಿರುವ ಹಿರಿಯ ಕಲಾವಿದರೊಬ್ಬರನ್ನು ಕಂಡು ಹಿಂದಿನ ಕತೆ ಕೇಳಿದೆ. ಅವರ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ನಡೆದೇ ಮುಂದಿನ ಊರಿಗೆ ಹೋಗುತ್ತಿದ್ದರಂತೆ. ಪ್ರತಿಯೊಬ್ಬನ ಗಂಟಿನಲ್ಲೂ ಒಂದು ಬಟ್ಟಲು, ಒಂದು ಚೆಂಬು. "ಕಂಚಿನ ಬಟ್ಟಲು ಚೆಂದ ಹೌದು. ಹೊತ್ತವನಿಗೆ ಗೊತ್ತು ಅದರ ಚೆಂದ!" ಎಂದು ನಕ್ಕು ಒಳಗಿನಿಂದ ತಮ್ಮ ಹಳೆಯ ಅಲ್ಯೂಮಿನಿಯಂ ಬಟ್ಟಲನ್ನು ತಂದು ತೋರಿಸಿದರು. ತಗ್ಗು ದಿಣ್ಣೆಯ ಅದರ ಮೈ ಕಲ್ಲಿನಲ್ಲಿ ಜಜ್ಜಿ ಸರಿಮಾಡಿದ ಗುರುತುಗಳಿಂದ ತುಂಬಿತ್ತು.

ಅಲ್ಯೂಮಿನಿಯಂ ಹಗುರ, ನಿಜ. ಒಂದು ಘನ ಸೆಂಟಿಮೀಟರಿಗೆ ಅದು 2.7 ಗ್ರಾಂ ತೂಗಿದರೆ ಸ್ಟೀಲು ಸುಮಾರು 7.9 ಗ್ರಾಂ. ಒಂದೇ ಅಳತೆಯ ಬಟ್ಟಲಿನಲ್ಲಿ ಮೂರರಲ್ಲಿ ಒಂದು ಭಾರ. ಆದರೆ ಅದರ ಎರಡು ಗುಣ ನನಗೆ ಹಿಡಿಸಲಿಲ್ಲ. ಶಾಖವನ್ನು ಸ್ಟೀಲಿಗಿಂತ ಹದಿನೈದು ಪಟ್ಟು ಬೇಗ ಒಯ್ಯುತ್ತದೆ. ಬಿಸಿ ಗಂಜಿ ಬಿದ್ದ ಮರುಕ್ಷಣ ಅಂಚೂ ಬಿಸಿ, ಮಗುವಿನ ಬೆರಳೂ ಬಿಸಿ. ಇನ್ನೊಂದು, ಹುಳಿ. ನಮ್ಮ ಸಾರು, ತಂಬುಳಿ, ಉಪ್ಪಿನಕಾಯಿ ಎಲ್ಲದರಲ್ಲೂ ಹುಳಿ ಇದೆ, ಉಪ್ಪಿದೆ. ಅವೆರಡೂ ಸೇರಿ ಅಲ್ಯೂಮಿನಿಯಂನ ಮೇಲಿನ ಆಕ್ಸೈಡ್ ಪೊರೆಯನ್ನು ತಿನ್ನುತ್ತವೆ. ಬಟ್ಟಲು ಕಪ್ಪಾಗುವುದು ಹಾಗೆ.

ಕೋಟದಲ್ಲಿ ಬಸ್ಸು ಸ್ವಲ್ಪ ನಿಂತಿತು. 'ಅಬೂವಿಂದ ಬರಾಮಕ್ಕೆ' ಬರೆದ ಕಾರಂತರ ಊರು. ಅವರು ಪ್ರವಾಸದಲ್ಲಿ ಬಟ್ಟಲು ಒಯ್ಯುತ್ತಿದ್ದರೋ ಏನೋ ಎಂದು ಯೋಚಿಸುವಷ್ಟರಲ್ಲಿ ಕುಂದಾಪುರ ಬಂತು.

ಅಲ್ಲಿಂದ ಗಂಗೊಳ್ಳಿ. ಕುಂದಾಪುರದ ದಡದಲ್ಲಿ ನಿಂತರೆ ಪಂಚಗಂಗಾವಳಿಯ ಆಚೆ ಗಂಗೊಳ್ಳಿ ಕೈಚಾಚಿದರೆ ಸಿಗುವಷ್ಟು ಹತ್ತಿರ. ರಸ್ತೆಯಲ್ಲಿ ಹೋಗುವವನು ಮಾತ್ರ ಹೆಮ್ಮಾಡಿಯ ಮೇಲೆ ಬಳಸಿಕೊಂಡು ಹೋಗಬೇಕು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಅಲ್ಲಿ ಆಳಸಮುದ್ರದ ಬೋಟಿನ ತಾಂಡೇಲರು. ಎಂಟು ಹತ್ತು ದಿನ ಸಮುದ್ರದಲ್ಲೇ ಇದ್ದು ಬರುವ ಬೋಟು. ಅದರ ಅಡುಗೆಕೋಣೆ ನಮ್ಮ ಪ್ರಯೋಗಶಾಲೆಯ ಕಪಾಟಿಗಿಂತ ಸ್ವಲ್ಪ ದೊಡ್ಡದು. ಗೋಡೆಗೆ ಹೊಡೆದ ಹಲಗೆ, ಹಲಗೆಗೆ ಅಡ್ಡ ಪಟ್ಟಿ. ಬೋಟು ಎಷ್ಟೇ ತೂಗಿದರೂ ಒಳಗಿನ ಪಾತ್ರೆ ಬೀಳದಂತೆ ಏರ್ಪಾಡು. ಅಲ್ಲಿದ್ದ ಬಟ್ಟಲುಗಳನ್ನು ನೋಡಿ ನನ್ನ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತು. ಎಲ್ಲವೂ ಸ್ಟೀಲು, ಎಲ್ಲವೂ ಆಳ, ಹೆಚ್ಚುಕಡಿಮೆ ಬೇಸಿನ್ನಿನಂತೆ. "ಬಟ್ಲ್ ಚಪ್ಪಟೆ ಇದ್ರೆ ಗಂಜಿ ಮೈ ಮೇಲೆ ಮಾಸ್ಟ್ರೆ" ಎಂದರು ತಾಂಡೇಲರು.

ಗಂಜಿ! ಇದನ್ನು ನಾನು ಮರೆತೇಬಿಟ್ಟಿದ್ದೆ. ಪ್ರವಾಸದಲ್ಲಿ ರಾತ್ರಿ ನಾವು ಕುಚ್ಚಲಕ್ಕಿ ಗಂಜಿ ಮಾಡಿಸುತ್ತೇವೆ. ಊರು ಬಿಟ್ಟು ಬಂದ ಮಕ್ಕಳ ಹೊಟ್ಟೆಗೆ ಅದರಷ್ಟು ಹಿತವಾದದ್ದು ಬೇರಿಲ್ಲ. ಮಕ್ಕಳು ಮೇಜಿನ ಮೇಲೆ ಉಣ್ಣುವವರಲ್ಲ. ಮಡಿಲಲ್ಲಿಟ್ಟುಕೊಂಡು, ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ಕೆಲವೊಮ್ಮೆ ನಿಂತುಕೊಂಡೇ ಉಣ್ಣುವವರು. ಹೋಟೆಲುಗಳಲ್ಲಿ ಕಾಣುವ ಖಾನೆ ಮಾಡಿದ ತಟ್ಟೆಯ ಆಸೆ ನನಗೆ ಮೊದಲು ಇತ್ತು. ಅನ್ನ ಒಂದು ಕಡೆ, ಪಲ್ಯ ಒಂದು ಕಡೆ, ಶಿಸ್ತಾಗಿ. ಆದರೆ ಅದರಲ್ಲಿ ಗಂಜಿ ಹಾಕಿದರೆ ಚಟ್ನಿ ತೇಲಿಕೊಂಡು ಪಕ್ಕದ ಖಾನೆಗೆ ಹೋಗುತ್ತದೆ. ಮೂಲೆಗಳಲ್ಲಿ ಅಂಟಿದ್ದು ಬೆರಳಿಗೆ ಸಿಗುವುದಿಲ್ಲ, ತೊಳೆಯುವವನಿಗೂ ಸಿಗುವುದಿಲ್ಲ. ಭಾರವೂ ಜಾಸ್ತಿ. ಆ ಆಸೆಯನ್ನು ಗಂಗೊಳ್ಳಿಯ ಬಂದರಿನಲ್ಲೇ ಬಿಟ್ಟೆ.

ಬೋಟಿನ ಬಟ್ಟಲುಗಳ ಮೇಲೆ ಸೂಜಿ ಚುಚ್ಚಿದಂಥ ಕಂದು ಚುಕ್ಕೆಗಳಿದ್ದವು. ತುಕ್ಕು ಹಿಡಿಯದ ಉಕ್ಕಿಗೂ ತುಕ್ಕೇ ಎಂದು ತಾಂಡೇಲರ ಮಗ ಕೇಳಿದ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿ ಮಾಡಿದ ಉಕ್ಕಿನ ಗುಟ್ಟೆಂದರೆ, ಗಾಳಿ ತಾಗಿದೊಡನೆ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ. ಗೀರಿದರೂ ಮತ್ತೆ ಕಟ್ಟುತ್ತದೆ. ಉಪ್ಪಿನೊಳಗಿನ ಕ್ಲೋರೈಡು ಆ ಪೊರೆಗೆ ಶತ್ರು. ಅದು ಅಲ್ಲಲ್ಲಿ ತೂತು ಕೊರೆಯುತ್ತದೆ. ಬೋಟಿನವರು ಸಮುದ್ರದ ನೀರಿನಲ್ಲಿ ಪಾತ್ರೆ ತೊಳೆದು ಕೊನೆಗೊಮ್ಮೆ ಸಿಹಿನೀರಿನಲ್ಲಿ ಅದ್ದುತ್ತಾರೆ. ಅದ್ದಲು ಮರೆತ ದಿನಗಳ ಲೆಕ್ಕವೇ ಆ ಚುಕ್ಕೆಗಳು. ಹುಡುಗನಿಗೆ ಇಷ್ಟು ಹೇಳಿದ್ದಕ್ಕೆ ಅವನ ತಂದೆ ಒಂದು ಬುಟ್ಟಿ ಬಂಗುಡೆ ಕೊಡಲು ಬಂದರು. ಬಸ್ಸಿನಲ್ಲಿ ಒಯ್ಯುವುದು ಹೇಗೆಂದು ಕೈಮುಗಿದೆ.

ಮರವಂತೆಯಲ್ಲಿ ಇಳಿಯದೆ ಬೈಂದೂರಿಗೆ ಹೋದವರುಂಟೇ? ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಕೊಲ್ಲೂರಿಗೆ ಹೋಗುವ ಕೇರಳದ ಭಕ್ತರ ಟೆಂಪೋ ಟ್ರಾವೆಲರುಗಳು ಅಲ್ಲಿ ನಿಲ್ಲುತ್ತವೆ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು. ಅಂದರೆ ಮಲಗುವ ಮಂಚ, ಅಡುಗೆಮನೆ ಎಲ್ಲವೂ ಇರುವ ವಾಹನ. ನಾನು ಕಂಡ ಕುಟುಂಬದ ಬಳಿ ಅಂಥದ್ದೇನೂ ಇರಲಿಲ್ಲ. ವಾಹನದ ಹಿಂದಿನ ಬಾಗಿಲು ತೆರೆದು, ಮನೆಯಿಂದ ಕಟ್ಟಿ ತಂದ ಅನ್ನವನ್ನು ಕಾಗದದ ತಟ್ಟೆಗಳಲ್ಲಿ ಬಡಿಸುತ್ತಿದ್ದರು. ಕಡಲಿನಿಂದ ಒಂದು ಗಾಳಿ ಬಂತು ನೋಡಿ, ಇನ್ನೂ ಅನ್ನ ಬೀಳದ ತಟ್ಟೆಗಳೆಲ್ಲ ಒಟ್ಟಿಗೆ ಎದ್ದು ಹೆದ್ದಾರಿ ದಾಟಿ ನದಿಗೆ ಹೋದವು. ಅಜ್ಜಿಯೊಬ್ಬರು ಮಾತ್ರ ಸ್ಟೀಲಿನ ಡಬ್ಬಿಯ ಮುಚ್ಚಳದಲ್ಲಿ ನಿಶ್ಚಿಂತೆಯಿಂದ ಉಣ್ಣುತ್ತಿದ್ದರು. ಭಾರವೂ ಕೆಲವೊಮ್ಮೆ ಗುಣವೇ.

ತರ್ಮೋಕೋಲ್ ಮತ್ತು ಪ್ಲಾಸ್ಟಿಕ್ ತಟ್ಟೆಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಬಂತು. ಆದರೂ ಮರವಂತೆಯ ಕಲ್ಲುಗಳ ಸಂದಿಯಲ್ಲಿ ಏನೇನು ಸಿಕ್ಕಿಕೊಂಡಿದೆ ಎಂದು ನೋಡಬಯಸುವವರು ಬಗ್ಗಿ ನೋಡಬಹುದು. ಕಾಗದದ ತಟ್ಟೆಯ ಹೊಳಪಿನ ಮೈ ಕೂಡ ಹೆಚ್ಚಾಗಿ ಪ್ಲಾಸ್ಟಿಕ್ ಪೊರೆಯೇ.

ಬೈಂದೂರಿನಲ್ಲಿ ಗೆಳೆಯರೊಬ್ಬರು ಅಡಿಕೆ ಹಾಳೆಯ ತಟ್ಟೆಯ ಪಕ್ಷ ವಹಿಸಿದರು. ಅವರ ತೋಟದ ಹಾಳೆಯೂ ಅದಕ್ಕೆ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಅಂಟಿಲ್ಲ, ಬಣ್ಣವಿಲ್ಲ, ತೊಳೆಯುವ ಕೆಲಸವಿಲ್ಲ. ಮನೆಯ ಸಮಾರಂಭಕ್ಕೆ ನಾನೂ ತರಿಸಿದ್ದೇನೆ. ಆದರೆ ಮಳೆಗಾಲ ಕಳೆಯುವವರೆಗೆ ಶಾಲೆಯ ಕೋಣೆಯಲ್ಲಿಟ್ಟರೆ ಬೂಸಲು ಹಿಡಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯಲ್ಲಿರುವ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯಬಹುದೆಂದು 2025ರಲ್ಲಿ ಈ ತಟ್ಟೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಗೆಳೆಯರು ಅದನ್ನು ಒಪ್ಪುವುದಿಲ್ಲ. ನಾವು ಹಾಳೆಯಲ್ಲೇ ಉಂಡು ಬೆಳೆದವರು ಎನ್ನುತ್ತಾರೆ. ಆ ವಾದ ಅಲ್ಲಿಗಿರಲಿ. ನನ್ನ ಲೆಕ್ಕ ಬೇರೆಯದು. ನಲವತ್ತೈದು ಮಂದಿ, ಎಂಟು ಹೊತ್ತು, ಮುನ್ನೂರ ಅರುವತ್ತು ತಟ್ಟೆ. ಒಂದಕ್ಕೆ ಐದೇ ರೂಪಾಯಿ ಹಿಡಿದರೂ ಸಾವಿರದ ಎಂಟುನೂರು. ಅದೂ ಪ್ರತಿ ವರ್ಷ.

ಇಷ್ಟೆಲ್ಲ ತಿರುಗಿ ಮತ್ತೆ ಕುಂದಾಪುರದ ಅಂಗಡಿಗೆ ಬಂದೆ. ಅಂಗಡಿಯವರು ಮೊದಲು ಮೆಲಮೈನ್ ತಟ್ಟೆ ತೋರಿಸಿದರು. ಹೂವಿನ ಚಿತ್ರ, ಹಗುರ, ಬಿದ್ದರೆ ಒಡೆಯುವುದು ಕಡಿಮೆ. ಹುಡುಗಿಯರು ಮೆಚ್ಚಿಕೊಳ್ಳುತ್ತಿದ್ದರು. ಆದರೆ ಅದು ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡಿನಿಂದ ಮಾಡಿದ ರಾಳ. ಸುಮಾರು 70 ಡಿಗ್ರಿಗಿಂತ ಬಿಸಿಯಾದ, ಅದರಲ್ಲೂ ಹುಳಿಯ ಆಹಾರವನ್ನು ಅದರಲ್ಲಿ ಇಡಬಾರದು. ಹಂಡೆಯಿಂದ ನೇರ ಬಡಿಸುವ ನಮ್ಮ ಸಾರು ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. ತೆಂಗಿನ ನಾರಿನಲ್ಲಿ ತಿಕ್ಕಿದರೆ ಗೀರು, ಗೀರಿನಲ್ಲಿ ಅರಸಿನ. ಎರಡನೆಯ ವರ್ಷ ಅದನ್ನು ಮುಂದಿಡಲು ನಾಚಿಕೆಯಾಗುತ್ತದೆ.

ಕೊನೆಗೆ ಸ್ಟೀಲೇ. ಇಲ್ಲಿ ಅಯಸ್ಕಾಂತದ ಕತೆ. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲು ಎಂದು ಎಲ್ಲರೂ ನಂಬುತ್ತಾರೆ, ಅಂಗಡಿಯವರೂ ನಂಬಿಸುತ್ತಾರೆ. ಅರ್ಧ ಸತ್ಯ. ಕ್ರೋಮಿಯಂ 18, ನಿಕಲ್ 8 ಶೇಕಡಾ ಇರುವ 304 ದರ್ಜೆಗೆ ಅಯಸ್ಕಾಂತ ಹಿಡಿಯದು. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ ಅಗ್ಗದ 200ರ ದರ್ಜೆಗೂ ಹಿಡಿಯದು! ನಿಕಲ್ ಇಲ್ಲದ 430ಕ್ಕೆ ಹಿಡಿಯುತ್ತದೆ, ಹಾಗೆಂದು ಅದು ಖೋಟಾ ಅಲ್ಲ. ಇನ್ನು 304ರ ಬಟ್ಟಲನ್ನೇ ಅಚ್ಚಿನಲ್ಲಿ ಒತ್ತಿ ಮಡಿಸಿದ ಅಂಚಿನಲ್ಲಿ ಅಯಸ್ಕಾಂತ ಸ್ವಲ್ಪ ಎಳೆಯಬಹುದು. ಹಾಗಾಗಿ ಅಯಸ್ಕಾಂತವನ್ನು ಜೇಬಿಗೆ ಹಾಕಿ, ದರ್ಜೆಯ ಮುದ್ರೆ ಇರುವುದನ್ನು ಆರಿಸಿ, ಮುಖ್ಯವಾಗಿ ದಪ್ಪವನ್ನು ನೋಡಿದೆ. 28 ಸೆಂ.ಮೀ. ಅಗಲದ ತಗಡಿನ ಬಿಲ್ಲೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಸುಮಾರು 240 ಗ್ರಾಂ ತೂಗಬೇಕು. 150 ಗ್ರಾಂ ತೂಗುವ ಬಟ್ಟಲನ್ನು ಒಂದು ಕೈಯಲ್ಲಿ ಅಂಚು ಹಿಡಿದು ಎತ್ತಿದರೆ, ಗಂಜಿ ತುಂಬಿದಾಗ ಬಾಗುತ್ತದೆ. ಹೊರಕ್ಕೆ ಸುರುಳಿ ಸುತ್ತಿದ ಅಂಚು ಕೈಗೆ ಹಿತ. ಆದರೆ ಸುರುಳಿಯ ಬಾಯಿ ಪೂರ್ತಿ ಮುಚ್ಚದಿದ್ದರೆ ಒಳಗೆ ಕೊಳೆನೀರು ನಿಂತು ವಾಸನೆ ಬರುತ್ತದೆ. ಉಗುರು ಹಾಕಿ ನೋಡಿ, ಉಗುರು ಒಳಗೆ ಹೋಗಬಾರದು.

ಆಳ ಮೂರು ಸೆಂಟಿಮೀಟರಿನಷ್ಟು. ಕಿಲೋ ಲೆಕ್ಕದ ಮಾಲು. ನನಗೆ 340ರ ದರ ಸಿಕ್ಕಿತು. ಹನ್ನೊಂದು ಕಿಲೋ ಬಟ್ಟಲಿಗೆ 3,740. ಹಾಳೆ ತಟ್ಟೆಯ ಲೆಕ್ಕದಲ್ಲಿ ಮೂರನೆಯ ಪ್ರವಾಸದಿಂದ ಲಾಭ. ಮೂರು ಕಿಲೋ ಲೋಟಕ್ಕೆ 1,020. ಉಳಿದ ದುಡ್ಡಿಗೆ ತೊಳೆಯಲು ಮೂರು ಬೇಸಿನ್ನು, ಎರಡು ಸೌಟು.

ಲೋಟದಲ್ಲಿ ಒಂದು ತಪ್ಪು ಮಾಡಿದೆ. ಒಂದರೊಳಗೊಂದು ಕೂರುವ ಲೋಟ ಜಾಗ ಉಳಿಸುತ್ತದೆಂದು ತಂದರೆ, ಒದ್ದೆ ಇರುವಾಗ ಕೂರಿಸಿದವು ಕಚ್ಚಿಕೊಂಡು ಬಿಟ್ಟವು. ಅಡುಗೆಯವರು ಕಲ್ಲಿಗೆ ಕುಟ್ಟಲು ಹೊರಟಿದ್ದರು. ತಡೆದು, ಒಳಗಿನ ಲೋಟಕ್ಕೆ ತಣ್ಣೀರು ತುಂಬಿ ಹೊರಗಿನದನ್ನು ಬಿಸಿನೀರಿನಲ್ಲಿ ನಿಲ್ಲಿಸಿದೆ. ಹೊರಗಿನದು ಹಿಗ್ಗಿತು, ಒಳಗಿನದು ಕುಗ್ಗಿತು, ಲೋಟ ಬಿಟ್ಟಿತು. ಹತ್ತನೆಯ ತರಗತಿಯವರಿಗೆ ಉಷ್ಣ ವಿಕಾಸದ ಪಾಠ ಅಷ್ಟು ಚೆನ್ನಾಗಿ ನಾನು ಎಂದೂ ಮಾಡಿದ್ದಿಲ್ಲ. ಸ್ಟೀಲು ಲೋಟದಲ್ಲಿ ಚಹಾ ತುಟಿ ಸುಡುತ್ತದೆಂಬ ದೂರಿಗೆ ಮಾತ್ರ ಪರಿಹಾರ ಸಿಕ್ಕಿಲ್ಲ. ಎರಡು ಪದರದ ಲೋಟಕ್ಕೆ ನಮ್ಮಲ್ಲಿ ದುಡ್ಡಿಲ್ಲ. ಮುಕ್ಕಾಲು ಲೋಟ ಚಹಾ ಹಾಕಿ ಅಂಚು ಹಿಡಿಯಿರಿ ಎನ್ನುತ್ತೇವೆ.

ಪಾತ್ರೆಯ ಮೇಲೆ ಹೆಸರು ಕೊರೆಸಬೇಕೆ ಎಂದು ಅಂಗಡಿಯವರು ಕೇಳಿದ್ದರು. ಶಾಲೆಯ ಹೆಸರು ಸಾಕೆಂದೆ. ಒಂದರಿಂದ ನಲವತ್ತೈದರವರೆಗೆ ಸಂಖ್ಯೆ ಹಾಕಿಸಿ, ಹಾಜರಿ ಪ್ರಕಾರ ಕೊಟ್ಟರೆ ಕಳೆಯುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರ ಸಲಹೆ. ನಾನು ಒಪ್ಪಲಿಲ್ಲ. ರಾಶಿಯಿಂದ ಕೈಗೆ ಸಿಕ್ಕಿದ್ದು ಎತ್ತಿಕೊಳ್ಳಬೇಕು. ಈ ಮಾತು ಪೋಷಕರ ಸಭೆಯಲ್ಲಿ ಬಂತು. ಸಭೆ ಮುಗಿದ ಮೇಲೆ ಒಬ್ಬರು ಮೆಲ್ಲಗೆ, "ನಮ್ಮವನಿಗೆ ಮನೆಯಿಂದಲೇ ಬೇರೆ ಬಟ್ಟಲು ಕಳುಹಿಸಬಹುದಾ ಸರ್? ಬೇರೆ ಏನಲ್ಲ, ಮನೆಯಲ್ಲಿ ಹಿರಿಯರಿದ್ದಾರೆ" ಎಂದರು. ಪ್ರವಾಸದಲ್ಲಿ ಸಸ್ಯಾಹಾರವೇ ಎಂದೆ. ತೊಳೆದ ಬಟ್ಟಲಿಗೆ ಕುದಿನೀರು ಹಾಕುತ್ತೇವೆ ಎಂದೆ. ಅವರು ಕೇಳುತ್ತಿದ್ದದ್ದು ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಬೇಡ, ಎಲ್ಲರಿಗೂ ಒಂದೇ" ಎಂದು ನೇರ ಹೇಳಬೇಕಿತ್ತು. ಹುಡುಗನನ್ನು ಕಳುಹಿಸದೆ ಇದ್ದಾರೆಂಬ ಭಯದಿಂದ "ನೋಡೋಣ" ಎಂದುಬಿಟ್ಟೆ.

ಹೋದ ಡಿಸೆಂಬರಿನಲ್ಲಿ ಹಂಪಿ, ಬಾದಾಮಿಗೆ ಹೋದೆವು. ಮೂವತ್ತೊಂಬತ್ತು ಮಕ್ಕಳು, ಮೂವರು ಶಿಕ್ಷಕರು, ಅಡುಗೆಯವರು, ಇಬ್ಬರು ಚಾಲಕರು. ಬಟ್ಟಲುಗಳನ್ನು ಐದೈದರಂತೆ ಹಳೆಯ ಟವೆಲುಗಳಲ್ಲಿ ಸುತ್ತಿ ತಗಡಿನ ಪೆಟ್ಟಿಗೆಗೆ ತುಂಬಿದ್ದರಿಂದ ದಾರಿಯಲ್ಲಿ ಸದ್ದಿರಲಿಲ್ಲ. ತೊಳೆಯಲು ಸಾಲಾಗಿ ಮೂರು ಬೇಸಿನ್. ಮೊದಲನೆಯದರ ಬಳಿ ಬೂದಿ ಮತ್ತು ತೆಂಗಿನ ನಾರು, ಎರಡನೆಯದರಲ್ಲಿ ನೀರು, ಮೂರನೆಯದರಲ್ಲಿ ಬಿಸಿನೀರು. ಬೂದಿಯ ಪೊಟ್ಯಾಸಿಯಂ ಕಾರ್ಬೊನೇಟು ಜಿಡ್ಡನ್ನು ಬಿಡಿಸುತ್ತದೆ. ನೀರು ಕಡಿಮೆ ಸಾಕು. ಸೋಪಿನ ನೊರೆ ಹೋಗುವವರೆಗೆ ನಲ್ಲಿ ಬಿಡುವ ಐಷಾರಾಮ ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ನಡೆಯದು.

ಹಂಪಿಯಲ್ಲಿ ಭೋಜನಶಾಲೆ ಎಂದು ತೋರಿಸುವ ಜಾಗವಿದೆ. ನೀರಿನ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು, ಪ್ರತಿಯೊಂದರಲ್ಲೂ ಪಲ್ಯ, ಸಾರುಗಳಿಗೆ ಬೇರೆ ಬೇರೆ ಗುಳಿ ಕೆತ್ತಿದ್ದಾರೆ. ಮಕ್ಕಳು ಅವುಗಳ ಮುಂದೆ ಸಾಲಾಗಿ ಕುಳಿತರು. "ಖಾನೆ ತಟ್ಟೆ ಸರ್, ಗಂಜಿ ಹಾಕ್ಲಿಕ್ಕೆ ಆಗ್ಲಿಕ್ಕಿಲ್ಲ" ಎಂದಳೊಬ್ಬಳು. ತೊಳೆಯುವ ಸಮಸ್ಯೆಯನ್ನು ಮಾತ್ರ ವಿಜಯನಗರದವರು ನಮಗಿಂತ ಚೆನ್ನಾಗಿ ಬಗೆಹರಿಸಿದ್ದರು. ನೀರೇ ತಟ್ಟೆಯ ಪಕ್ಕ ಹರಿಯುತ್ತಿತ್ತು.

ಆ ಹುಡುಗನ ಚೀಲದಲ್ಲಿ ಮನೆಯ ಬಟ್ಟಲು ಇತ್ತು. ಮೊದಲೆರಡು ದಿನ ಅದರಲ್ಲೇ ಉಂಡ, ಸಾಲಿನ ತುದಿಯಲ್ಲಿ ಕುಳಿತು. ಯಾರೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮೂರನೆಯ ದಿನ ಬಾದಾಮಿಯಲ್ಲಿ ಕತ್ತಲಾದ ಮೇಲೆ ಗಂಜಿ ಬಡಿಸಿದೆವು. ಸಾಲು ಮುರಿದು ಎಲ್ಲರೂ ಗುಂಪಾಗಿ ಕುಳಿತು ಹರಟುತ್ತಿದ್ದರು. ಅವನ ಕೈಯಲ್ಲಿ ಯಾವ ಬಟ್ಟಲಿತ್ತೆಂದು ನಾನು ನೋಡಹೋಗಲಿಲ್ಲ.

ಊರಿಗೆ ಬಂದು ಎಣಿಸಿದಾಗ ಬಟ್ಟಲು ನಲವತ್ತೈದೂ ಇದ್ದವು. ಲೋಟ ನಲವತ್ತಮೂರು. ಪೆಟ್ಟಿಗೆ ಈಗ ಪ್ರಯೋಗಶಾಲೆಯ ಮೇಜಿನ ಕೆಳಗಿದೆ. ಶನಿವಾರ ಕುಂದಾಪುರದ ಸಂತೆಗೆ ಹೋದಾಗ ಎರಡು ಲೋಟ ತರಬೇಕು.